ನಾಲ್ಕು ಮಳೆಗಾಲ ಕಂಡ ಕ್ಯಾಮೆರಾ ರೈನ್ ಕವರ್

ನನ್ನ ರೈನ್ ಕವರ್ ಈಗ ನೋಡಲು ಅಷ್ಟೇನೂ ಚೆನ್ನಾಗಿಲ್ಲ. ಕಪ್ಪು ಬಣ್ಣ ಬೂದಿಗೆ ತಿರುಗಿದೆ. ಹಿಂಬದಿಯ ಪ್ಲಾಸ್ಟಿಕ್ ಕಿಟಕಿ ಹಳದಿಯಾಗಿದೆ. ಮುಂದಿನ ಲಾಡಿಯನ್ನು ಹಿಡಿದಿಡುವ ಗುಂಡಿ ಎಲ್ಲೋ ಬಿದ್ದುಹೋಗಿ, ಈಗ ಗಂಟು ಹಾಕಿ ಬಿಗಿ ಮಾಡುತ್ತೇನೆ. ಆದರೆ ನಾಲ್ಕು ಮಳೆಗಾಲದಲ್ಲಿ ಈ ಬಟ್ಟೆ ದಾಟಿ ಒಂದು ಹನಿಯೂ ಕ್ಯಾಮೆರಾ ಮೇಲೆ ಬಿದ್ದಿಲ್ಲ. ಅದೇ ನಾಲ್ಕು ವರ್ಷದಲ್ಲಿ ನನ್ನ ಒಂದು ಲೆನ್ಸ್‌ಗೆ ಬೂಷ್ಟು ಹಿಡಿಯಿತು, ಕ್ಯಾಮೆರಾದ ಹಾಟ್ ಶೂ (ತಲೆಯ ಮೇಲೆ ಫ್ಲಾಶ್ ಕೂರಿಸುವ ಜಾಗ) ಹಾಳಾಯಿತು. ಎರಡೂ ಆಗಿದ್ದು ಕವರ್ ಬಿಚ್ಚಿದ ಮೇಲೆ. ಹಾಗಾಗಿ ಇಲ್ಲಿ ಕವರ್‌ನ ಕತೆ ಎಷ್ಟಿದೆಯೋ, ಬಿಚ್ಚಿದ ಮೇಲಿನ ಕತೆಯೂ ಹೆಚ್ಚುಕಮ್ಮಿ ಅಷ್ಟೇ ಇದೆ.

ಕಂಪನಿಯ ಹೆಸರು ಬರೆಯುತ್ತಿಲ್ಲ. ಇದೇ ಮಾದರಿಯನ್ನು ಹತ್ತಾರು ಕಂಪನಿಗಳು ಹೊಲಿಯುತ್ತವೆ, ಗುಣದೋಷವೂ ಸುಮಾರಾಗಿ ಒಂದೇ. ನೈಲಾನ್ ಬಟ್ಟೆ, ಒಳಮುಖಕ್ಕೆ ಪಾಲಿಯುರೆಥೇನ್ ಲೇಪ, ಹೊಲಿಗೆಗಳ ಮೇಲೆ ಒಳಗಿನಿಂದ ಅಂಟಿಸಿದ ಟೇಪ್. ಮುಂದೆ ಲೆನ್ಸ್ ಹುಡ್‌ಗೆ, ಅಂದರೆ ಲೆನ್ಸ್ ತುದಿಗೆ ಹಾಕುವ ಮರೆಗೆ, ಲಾಡಿ ಎಳೆದು ಬಿಗಿ ಮಾಡಬೇಕು. ಎರಡೂ ಕಡೆ ಕೈ ತೂರಿಸಲು ತೋಳುಗಳಿವೆ. ಹಿಂದೆ ಸ್ಕ್ರೀನ್ ನೋಡಲು ಕಿಟಕಿ, ಕೆಳಗೆ ಟ್ರೈಪಾಡ್‌ಗಾಗಿ ಜಿಪ್. 70-200 ಎಂಎಂ ಅಳತೆಯ ಜೂಮ್ ಲೆನ್ಸ್ ಹಾಕಿದ ಕ್ಯಾಮೆರಾ ಆರಾಮಾಗಿ ಕೂರುತ್ತದೆ.

'ನಿಮ್ಮ ಕ್ಯಾಮೆರಾ ವೆದರ್ ಸೀಲ್ಡ್ ಅಲ್ವಾ, ಮತ್ತೆ ಕವರ್ ಯಾಕೆ?' ಅಂತ ತುಂಬಾ ಜನ ಕೇಳುತ್ತಾರೆ. ಕವರ್ ತಗೊಳ್ಳುವ ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. 'ವೆದರ್ ಸೀಲ್ಡ್', ಅಂದರೆ ನೀರು ಧೂಳು ಒಳಗೆ ಹೋಗದಂತೆ ಸಂದುಗಳನ್ನು ಮುಚ್ಚಿದ್ದು, ಅನ್ನುವ ಮಾತಿಗೆ ಎಲ್ಲರೂ ಒಪ್ಪಿದ ಒಂದು ಅಳತೆ ಅಂತ ಇಲ್ಲ. ಅಳತೆ ಇರುವುದು ಧೂಳು, ನೀರನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ಐಪಿ ಸಂಖ್ಯೆಗೆ. ಅದನ್ನು ಬರೆದುಕೊಡುವ ಕ್ಯಾಮೆರಾಗಳು ಬೆರಳೆಣಿಕೆಯಷ್ಟು. ಓಎಂ-1 ಕ್ಯಾಮೆರಾಕ್ಕೆ ಐಪಿ53 ಇದೆ, ಲೈಕಾ ಎಸ್ಎಲ್2 ಗೆ ಐಪಿ54. ಇದರಲ್ಲಿ ಎರಡನೇ ಅಂಕಿ ನೀರಿನದು. 3 ಅಂದರೆ ಮೇಲಿನಿಂದ 60 ಡಿಗ್ರಿವರೆಗೆ ಓರೆಯಾಗಿ ಸಿಂಪಡಿಸಿದ ನೀರನ್ನು ತಡೆಯುತ್ತದೆ. 4 ಅಂದರೆ ಯಾವ ಕಡೆಯಿಂದ ಎರಚಿದರೂ ತಡೆಯುತ್ತದೆ. ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿ ಬದುಕಲು 7 ಬೇಕು. ಉಳಿದ ಕ್ಯಾಮೆರಾಗಳ ಕೈಪಿಡಿಯಲ್ಲಿ ಇರುವುದು ಬರೀ ಭರವಸೆಯ ಮಾತು. ನೀರಿನಿಂದ ಕೆಟ್ಟರೆ ಬಹುತೇಕ ವಾರಂಟಿಗಳು ಕೈ ಎತ್ತಿಬಿಡುತ್ತವೆ.

ಜೊತೆಗೆ ಕ್ಯಾಮೆರಾ ಸೀಲ್ ಆಗಿದ್ದರೆ ಸಾಲದು, ಲೆನ್ಸ್ ಕೂಡ ಆಗಿರಬೇಕು. ಕ್ಯಾನನ್‌ನ 17-40 ಎಂಎಂ ಎಫ್/4 ಎಲ್ ತರಹದ ಕೆಲವು ಲೆನ್ಸ್‌ಗಳಲ್ಲಿ ಮುಂದೆ ಫಿಲ್ಟರ್ ಹಾಕಿದರೆ ಮಾತ್ರ ಸೀಲ್ ಪೂರ್ತಿಯಾಗುತ್ತದೆ. ಇನ್ನು ತಿರುಗಿಸಿದಾಗ ಉದ್ದವಾಗುವ ಜೂಮ್ ಲೆನ್ಸ್ ಸೈಕಲ್ ಪಂಪ್ ಇದ್ದ ಹಾಗೆ. ಪ್ರತಿ ಸಲ ಉದ್ದ ಮಾಡಿದಾಗ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಕೊಳವೆಯ ಮೇಲೆ ನೀರು ಕೂತಿದ್ದರೆ, ಗಿಡ್ಡ ಮಾಡಿದಾಗ ಅದೂ ಜೊತೆಗೆ ಒಳಗೆ ಹೋಗುತ್ತದೆ. ನನ್ನ ಹತ್ತಿರ ಅಂಥದ್ದೇ ಒಂದು ಜೂಮ್ ಇದೆ. ಕವರ್ ತಗೊಂಡಿದ್ದೇ ಅದಕ್ಕಾಗಿ.

ಬಳಸುವುದು ಸುಲಭವೇ? ಅಭ್ಯಾಸ ಆಗುವವರೆಗೆ ಖಂಡಿತ ಅಲ್ಲ. ಹಾಕಲು ನನಗೆ ಈಗಲೂ ಎರಡು ಮೂರು ನಿಮಿಷ ಬೇಕು. ಮಳೆ ಶುರುವಾದ ಮೇಲೆ ಹಾಕಲು ಹೋದರೆ ಒದ್ದೆ ಕ್ಯಾಮೆರಾವನ್ನು ಒಣ ಚೀಲದೊಳಗೆ ಹಾಕಿ ಬೇಯಿಸಿದಂತೆ. ಮೋಡ ಕಪ್ಪಾಗುವಾಗಲೇ ಹಾಕಿಬಿಡಬೇಕು. ತೋಳಿನೊಳಗೆ ಕೈ ಹಾಕಿದ ಮೇಲೆ ಗುಂಡಿಗಳು ಕಾಣುವುದಿಲ್ಲ, ಬೆರಳಿನಿಂದ ತಡವಿಯೇ ಗುರುತಿಸಬೇಕು. ಹಾಗಾಗಿ ಮುಖ್ಯ ಸೆಟ್ಟಿಂಗ್ ಎಲ್ಲವನ್ನೂ ಮೊದಲೇ ಮಾಡಿಟ್ಟುಕೊಳ್ಳುತ್ತೇನೆ. ಮಳೆ ಗೆರೆ ಗೆರೆಯಾಗಿ ಬೀಳಬೇಕಾದರೆ ಶಟರ್ ವೇಗ 1/60 ಸೆಕೆಂಡಿನ ಸುತ್ತಮುತ್ತ, ಹನಿ ಗಾಳಿಯಲ್ಲೇ ನಿಲ್ಲಬೇಕಾದರೆ 1/500 ಅಥವಾ ಅದಕ್ಕಿಂತ ವೇಗ. ಈ ಎರಡನ್ನು ಕ್ಯಾಮೆರಾದ ಎರಡು ಕಸ್ಟಮ್ ಮೋಡ್‌ಗಳಲ್ಲಿ ಉಳಿಸಿದ್ದೇನೆ. ಜೂಮ್ ರಿಂಗ್ ಬಟ್ಟೆಯ ಮೇಲಿನಿಂದಲೇ ತಿರುಗುತ್ತದೆ. ಪೋಲರೈಸರ್ (ಹೊಳಪು ಕಡಿಮೆ ಮಾಡುವ ಫಿಲ್ಟರ್) ತಿರುಗಿಸುವ ಆಸೆ ಮಾತ್ರ ಬಿಟ್ಟುಬಿಡಿ.

ಹಿಂಬದಿ ಕಿಟಕಿ ಈ ಕವರ್‌ನ ಅತ್ಯಂತ ಕೆಟ್ಟ ಭಾಗ. ಹೊಸದರಲ್ಲೇ ಸ್ಕ್ರೀನ್ ಮಬ್ಬಾಗಿ ಕಾಣುತ್ತಿತ್ತು. ಕಣ್ಣಿಟ್ಟು ನೋಡಿದರೆ ನನ್ನ ಉಸಿರೇ ತಗುಲಿ ಮಂಜಾಗುತ್ತಿತ್ತು. ಎರಡನೇ ವರ್ಷ ನಾನು ವ್ಯೂಫೈಂಡರ್ ಬರುವ ಜಾಗದಲ್ಲಿ ಕಿಟಕಿಗೆ ತೂತು ಕೊರೆದೆ. ವ್ಯೂಫೈಂಡರ್ ಸುತ್ತಲಿನ ರಬ್ಬರ್ ಐಕಪ್ ಅದರಿಂದ ಹೊರಗೆ ಬಂದು ಬಿಗಿಯಾಗಿ ಕೂರುತ್ತದೆ. ದುಬಾರಿ ಕವರ್‌ಗಳಲ್ಲಿ ಇದಕ್ಕೆ ಪ್ರತ್ಯೇಕ ಐಪೀಸ್ ಅಡಾಪ್ಟರ್ ಬರುತ್ತದೆ. ನಾನು ಕತ್ತರಿಯಲ್ಲೇ ಮುಗಿಸಿದೆ. ಅದರಿಂದ ನೀರು ಬಂದಿಲ್ಲ, ಯಾಕೆಂದರೆ ಆ ಜಾಗದಲ್ಲಿ ಸಾಮಾನ್ಯವಾಗಿ ನನ್ನ ಹಣೆ ಇರುತ್ತದೆ.

ವಿಡಿಯೋ ಮಾಡುವವರಿಗೆ ಇದು ಆಗಿಬರುವುದಿಲ್ಲ. ನೈಲಾನ್ ಮೇಲೆ ಹನಿ ಬೀಳುವ ಸದ್ದು ಕ್ಯಾಮೆರಾ ಮೈಕ್‌ನಲ್ಲಿ ತಮಟೆ ಹೊಡೆದ ಹಾಗೆ ಕೇಳುತ್ತದೆ.

ಯಾವ ಕವರ್ ಕೂಡ ಕಾಪಾಡಲಾಗದ ಜಾಗ ಲೆನ್ಸ್‌ನ ಮುಂದಿನ ಗಾಜು. ಅದು ತೆರೆದೇ ಇರಬೇಕು. ಉದ್ದ ಹುಡ್ ಇರುವ ಟೆಲಿ ಲೆನ್ಸ್‌ನಲ್ಲಿ ತೊಂದರೆ ಕಡಿಮೆ. ವೈಡ್ ಲೆನ್ಸ್‌ನ ಹುಡ್ ಹೆಸರಿಗೆ ಮಾತ್ರ. ಒಂದು ಹನಿ ಕೂತರೂ ಫೋಟೋದಲ್ಲಿ ಮಸುಕು ಮಚ್ಚೆ. ಗಾಳಿಗೆ ಬೆನ್ನು ಕೊಟ್ಟು ನಿಲ್ಲುವುದು, ತೆಗೆಯದಿದ್ದಾಗ ಲೆನ್ಸ್ ನೆಲ ನೋಡುವಂತೆ ಹಿಡಿಯುವುದು, ಇವೆರಡು ಅರ್ಧ ಕೆಲಸ ಮಾಡುತ್ತವೆ. ಉಳಿದರ್ಧ ಒರೆಸುವ ಬಟ್ಟೆಯದು. ನಾನು ಮೂರು ಮೈಕ್ರೋಫೈಬರ್ ಬಟ್ಟೆ ಒಯ್ಯುತ್ತೇನೆ, ಒಂದೊಂದೂ ಬೇರೆ ಬೇರೆ ಜಿಪ್ ಪೌಚ್‌ನಲ್ಲಿ. ಒಂದೇ ಬಟ್ಟೆ ಇದ್ದರೆ ಹತ್ತು ನಿಮಿಷದಲ್ಲಿ ಅದೂ ಒದ್ದೆ. ಆಮೇಲೆ ಒರೆಸಿದರೆ ನೀರು ಹೋಗುವುದಿಲ್ಲ, ಗಾಜಿನ ತುಂಬ ಹರಡಿಕೊಳ್ಳುತ್ತದೆ. ಮುಂದೆ ಒಂದು ಯುವಿ ಫಿಲ್ಟರ್ ಹಾಕಿದ್ದರೆ ಧೈರ್ಯವಾಗಿ ಉಜ್ಜಬಹುದು. ಬೇರೆ ದಿನಗಳಲ್ಲಿ ನಾನು ಫಿಲ್ಟರ್ ಪರ ಅಲ್ಲ. ಮಳೆಯಲ್ಲಿ ಹೌದು.

ಇನ್ನು ಹಾಟ್ ಶೂ ಕತೆ. ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲ ಅನ್ನುವ ಮಾತು ನನಗೆ ಬಾಯಿಪಾಠ. ಆದರೂ ಆ ದಿನ ಮಳೆ ನಿಂತಿತೆಂದು ಮರದ ಕೆಳಗೆ ನಿಂತೇ ಕವರ್ ಬಿಚ್ಚಿದೆ. ಗಾಳಿ ಬೀಸಿತು. ಎಲೆಗಳ ಮೇಲೆ ನಿಂತಿದ್ದ ನೀರೆಲ್ಲ ಒಮ್ಮೆಗೇ ಸುರಿಯಿತು, ನೇರ ಕ್ಯಾಮೆರಾ ತಲೆಯ ಮೇಲೆ. ಫ್ಲಾಶ್ ಕೂರಿಸುವ ಆ ಲೋಹದ ತಟ್ಟೆಯ ಪ್ಲಾಸ್ಟಿಕ್ ಮುಚ್ಚಳವನ್ನು ನಾನು ಯಾವತ್ತೋ ಕಳೆದುಕೊಂಡಿದ್ದೆ. ನೀರು ಅಲ್ಲೇ ನಿಂತುಕೊಂಡಿತು. ಸ್ವಲ್ಪ ಹೊತ್ತಿಗೆ ಇಲ್ಲದ ಫ್ಲಾಶ್ ಇದೆ ಎಂದು ಕ್ಯಾಮೆರಾ ಹಟ ಹಿಡಿಯಿತು.

ಒಂದು ಸರಿಯಾದ ಕೆಲಸ ಮಾಡಿದೆ. ತಕ್ಷಣ ಆಫ್ ಮಾಡಿ ಬ್ಯಾಟರಿ, ಕಾರ್ಡ್ ತೆಗೆದೆ. 'ಸುಮ್ನೆ ಒಂದ್ಸಲ ಆನ್ ಮಾಡಿ ನೋಡೋಣ' ಅನ್ನುವ ಚಪಲವನ್ನು ಎರಡು ದಿನ ತಡೆದುಕೊಂಡೆ. ನೀರು ಇದ್ದಾಗ ಕರೆಂಟ್ ಹರಿದರೇ ಸರ್ಕ್ಯೂಟ್ ಸುಡುವುದು, ತುಕ್ಕು ಬೇಗ ಹಿಡಿಯುವುದು. ಹೇರ್ ಡ್ರೈಯರ್ ಹಿಡಿಯಲಿಲ್ಲ. ಬಿಸಿಗಾಳಿ ನೀರನ್ನು ಇನ್ನೂ ಒಳಗೆ ತಳ್ಳುತ್ತದೆ, ಅಂಟನ್ನೂ ಸಡಿಲ ಮಾಡುತ್ತದೆ. ಅಕ್ಕಿ ಡಬ್ಬದಲ್ಲೂ ಹೂತಿಡಲಿಲ್ಲ. ಅಕ್ಕಿಯ ಹುಡಿ ಸಂದಿಗೊಂದಿಗೆ ಹೋಗುವುದು ಬಿಟ್ಟರೆ ಅದರಿಂದ ದೊಡ್ಡ ಲಾಭ ಇಲ್ಲ. ಕ್ಯಾಮೆರಾ ಬದುಕಿತು. ಹಾಟ್ ಶೂ ಬಿಂದುಗಳ ಮೇಲೆ ಮಾತ್ರ ಹಸಿರು ಕಿಲುಬು ಕೂತು, ಇವತ್ತಿಗೂ ಫ್ಲಾಶ್ ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಕೈಗೆ ಸಿಗದಷ್ಟು ಚಿಕ್ಕದಾದ ಆ ಮುಚ್ಚಳವನ್ನು ದಯವಿಟ್ಟು ಕಳೆದುಕೊಳ್ಳಬೇಡಿ.

ಕವರ್ ಒಳಗೆ ಒದ್ದೆ ಆಗುವುದೇ ಇಲ್ಲ ಅಂತಲೂ ಅಲ್ಲ. ಎರಡು ಗಂಟೆ ಕೈ ಒಳಗೇ ಇದ್ದರೆ ಬೆವರಿನ ತೇವ ಕಟ್ಟುತ್ತದೆ. ಮೊದಲ ಸಲ ಇದನ್ನು ನೋಡಿ ಕವರ್ ಸೋರುತ್ತಿದೆ ಅಂತ ಕಂಪನಿಗೆ ಬೈದು ದೂರು ಬರೆಯಲು ಕೂತಿದ್ದೆ. ಕಳಿಸಲಿಲ್ಲ, ಒಳ್ಳೆಯದಾಯಿತು.

ತಂಪು ಕೋಣೆಯಿಂದ ಹೊರಗೆ ಬರುವಾಗಿನ ಇಬ್ಬನಿ ಇನ್ನೂ ದೊಡ್ಡ ತಲೆನೋವು. ಹೊರಗೆ 30 ಡಿಗ್ರಿ ಸೆಲ್ಸಿಯಸ್, ಗಾಳಿಯಲ್ಲಿ ಶೇಕಡಾ 80 ತೇವ ಇದೆ ಅಂದುಕೊಳ್ಳಿ. ಆ ಗಾಳಿ 26 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿಗೆ ತಾಗಿದರೂ ನೀರು ಬಿಡುತ್ತದೆ. 22 ಡಿಗ್ರಿ ಎಸಿಯಲ್ಲಿ ಇದ್ದ ಕ್ಯಾಮೆರಾ ಹೊರಗೆ ತಂದ ಕೂಡಲೇ ಬೆವರುವುದು ಇದಕ್ಕೇ. ಲೆನ್ಸ್‌ನ ಹೊರಗೆ ಬೆವರಿದರೆ ಒರೆಸಬಹುದು, ಒಳಗಿನ ಗಾಜಿನ ಮೇಲೆ ಕಟ್ಟಿದರೆ ಕಾಯುವುದೊಂದೇ ದಾರಿ. ಈಗ ನಾನು ಕ್ಯಾಮೆರಾವನ್ನು ಬ್ಯಾಗ್‌ನಲ್ಲಿ ಜಿಪ್ ಹಾಕಿಯೇ ಹೊರಗೆ ತಂದು, ಅರ್ಧ ಮುಕ್ಕಾಲು ಗಂಟೆ ಹಾಗೇ ಬಿಡುತ್ತೇನೆ. ಬ್ಯಾಗ್ ಒಳಗಿನ ಸ್ವಲ್ಪ ಗಾಳಿಯಲ್ಲಿ ತೇವವೂ ಸ್ವಲ್ಪವೇ ಇರುತ್ತದೆ. ಅಷ್ಟರಲ್ಲಿ ಕ್ಯಾಮೆರಾ ನಿಧಾನವಾಗಿ ಬಿಸಿಯಾಗುತ್ತದೆ. ಚಳಿಯಿಂದ ಬೆಚ್ಚಗಿನ ಮನೆಗೆ ಬರುವವರಿಗೂ ಲೆಕ್ಕ ಇದೇ.

ಬೂಷ್ಟು ಹಿಡಿದಿದ್ದು ನನ್ನದೇ ಸೋಮಾರಿತನದಿಂದ. ಮೂರನೇ ವರ್ಷ, ಒಂದು ದಿನ ಪೂರ್ತಿ ಜಡಿಮಳೆಯಲ್ಲಿ ತಿರುಗಿ ಮನೆಗೆ ಬಂದೆ. ಕ್ಯಾಮೆರಾ ಒಣಗಿತ್ತು. ಒದ್ದೆ ಕವರ್ ಮಡಚಿ ಬ್ಯಾಗ್‌ನ ಪಕ್ಕದ ಜೇಬಿಗೆ ತುರುಕಿ, ಬ್ಯಾಗ್ ಮುಚ್ಚಿ ಕಪಾಟಿನಲ್ಲಿಟ್ಟೆ. ಮರೆತೆ. ಮೂರು ವಾರದ ನಂತರ ತೆಗೆದಾಗ ಮಣ್ಣಿನ ವಾಸನೆ. 50 ಎಂಎಂ ಲೆನ್ಸ್ ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಜೇಡರ ಬಲೆಯಂಥ ಎಳೆಗಳು. ತಮಾಷೆ ಅಂದರೆ ಆ ಲೆನ್ಸ್‌ಗೆ ಆ ದಿನ ಒಂದು ಹನಿಯೂ ತಾಗಿರಲಿಲ್ಲ. ಬ್ಯಾಗ್‌ನಿಂದ ಅದನ್ನು ಹೊರಗೇ ತೆಗೆದಿರಲಿಲ್ಲ. ರಿಪೇರಿಯವರು ಬಿಚ್ಚಿ ಸ್ವಚ್ಛ ಮಾಡಿಕೊಟ್ಟರು. ಆದರೆ ಬೂಷ್ಟು ಬಿಡುವ ಆಮ್ಲ ಗಾಜಿನ ಲೇಪವನ್ನು ಅಲ್ಲಲ್ಲಿ ತಿಂದಿತ್ತು, ಅದನ್ನು ಸರಿಮಾಡಲು ಆಗುವುದಿಲ್ಲ. ಸೂರ್ಯನಿಗೆ ಎದುರಾಗಿ ತೆಗೆದರೆ ಆ ಮೂಲೆ ಈಗಲೂ ಮಸುಕು.

ಆಮೇಲೆ ಗಾಳಿಯಾಡದ ಒಂದು ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ ತಂದೆ. ತೇವ ಶೇಕಡಾ 40 ರಿಂದ 50 ರ ನಡುವೆ ಇದ್ದರೆ ಸಾಕು. 60 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟಿಗೆ ಹಬ್ಬ. ಹಾಗಂತ 30 ಕ್ಕಿಂತ ಕೆಳಗೆ ಇಳಿಸುವುದೂ ರಬ್ಬರ್ ಮತ್ತು ಗ್ರೀಸ್‌ಗೆ ಒಳ್ಳೆಯದಲ್ಲ. ಜೆಲ್ ಕಿತ್ತಳೆ ಬಣ್ಣದ್ದು ತಗೊಳ್ಳಿ. ತೇವ ತುಂಬಿದರೆ ಹಸಿರಾಗುತ್ತದೆ, 110-120 ಡಿಗ್ರಿ ಓವನ್‌ನಲ್ಲಿ ಕೆಲವು ಗಂಟೆ ಇಟ್ಟರೆ ಮತ್ತೆ ಕಿತ್ತಳೆ. ನೀಲಿಯಿಂದ ಗುಲಾಬಿಗೆ ತಿರುಗುವ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷಕಾರಿ.

ಕವರ್‌ಗೆ ವಾಪಸ್ ಬರೋಣ. ಮೊದಲ ವರ್ಷ ನೀರು ಬಟ್ಟೆ ಮೇಲೆ ಮುತ್ತಿನ ಹಾಗೆ ಉರುಳಿ ಹೋಗುತ್ತಿತ್ತು. ಎರಡನೇ ವರ್ಷದ ಕೊನೆಗೆ ಹೊರಬಟ್ಟೆ ನೀರು ಕುಡಿಯಲು ಶುರುಮಾಡಿತು. ಸೋರಲಿಲ್ಲ, ಭಾರವಾಯಿತು ಅಷ್ಟೇ. ಹೊರಗಿನ ನೀರು ಜಾರಿಸುವ ಲೇಪ ಸವೆದಿತ್ತು. ರೇನ್‌ಕೋಟ್‌ಗೆ ಬಳಸುವ ಸ್ಪ್ರೇ ಹೊಡೆದು ಒಣಗಿಸಿದ ಮೇಲೆ ಸುಮಾರು ಸರಿಹೋಯಿತು. ಡಿಟರ್ಜೆಂಟ್‌ನಲ್ಲಿ ತೊಳೆದರೆ ಈ ಲೇಪ ಬೇಗ ಹೋಗುತ್ತದೆ. ನಾನು ಬರೀ ನೀರಲ್ಲಿ ಜಾಲಿಸುತ್ತೇನೆ. ಸಮುದ್ರದ ಬದಿಗೆ ಹೋಗಿಬಂದರೆ ಇದನ್ನು ತಪ್ಪಿಸುವುದೇ ಇಲ್ಲ, ಉಪ್ಪು ಜಿಪ್‌ನ ಹಲ್ಲುಗಳನ್ನು ತಿನ್ನುತ್ತದೆ. ಒಳಗಿನ ಪಾಲಿಯುರೆಥೇನ್ ಕಳೆದ ವರ್ಷದಿಂದ ಮಡಿಕೆ ಬೀಳುವ ಜಾಗದಲ್ಲಿ ಅಂಟಂಟಾಗಿ ಸುಲಿಯುತ್ತಿದೆ. ತೇವದಲ್ಲಿ ಈ ಲೇಪ ನಿಧಾನವಾಗಿ ಕೊಳೆಯುತ್ತದೆ, ಒದ್ದೆ ಮಡಚಿಟ್ಟರೆ ಬೇಗ. ಆ ಮೂರು ವಾರಗಳ ಪಾಲು ಇದರಲ್ಲೂ ಇದೆ. ಈ ಸಲ ಮಳೆಗೆ ಮೊದಲು ನಲ್ಲಿ ಕೆಳಗೆ ಹಿಡಿದು ಪರೀಕ್ಷಿಸಿದಾಗ ಒಂದು ಹೊಲಿಗೆಯ ಟೇಪ್ ಎದ್ದಿತ್ತು. ಹೊಲಿಗೆ ಮುಚ್ಚುವ ಅಂಟು, ಸೀಮ್ ಸೀಲರ್, ಹಚ್ಚಿದ್ದೇನೆ.

ಅಪರೂಪಕ್ಕೆ ಮಳೆಗೆ ಸಿಕ್ಕಿಕೊಳ್ಳುವವರಿಗೆ ಇಷ್ಟೆಲ್ಲ ಬೇಕಿಲ್ಲ. ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತೂತು ಮಾಡಿ ಹುಡ್ ಸುತ್ತ ರಬ್ಬರ್ ಬ್ಯಾಂಡ್ ಹಾಕಿದರೆ ಒಂದು ಗಂಟೆ ಧಾರಾಳ. ತುಂತುರಿಗೆ ಸ್ನಾನದ ಟೋಪಿ ಸಾಕು. ಈಗಲೂ ನನ್ನ ಜೇಬಿನಲ್ಲಿ ಒಂದು ಇರುತ್ತದೆ, ಕವರ್ ಹಾಕುವ ಆ ಮೂರು ನಿಮಿಷಕ್ಕಾಗಿ. ಕೊಡೆ ಒಳ್ಳೆಯದೇ, ಹಿಡಿಯಲು ಇನ್ನೊಬ್ಬರು ಇದ್ದರೆ.

ಮಳೆಯಲ್ಲಿ ಪದೇ ಪದೇ ಹೊರಗೆ ಹೋಗುವವರು ನೀವಾಗಿದ್ದರೆ ಇಂಥದ್ದೊಂದು ತಗೊಳ್ಳಿ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಕಳೆದ ಒಂದು ಅಂಕ ಕಿಟಕಿಗೆ. ಮುಂದಿನ ವರ್ಷ ಇದನ್ನು ಬದಲಿಸಬೇಕು, ಇದೇ ಮಾದರಿಯನ್ನೇ ತರುತ್ತೇನೆ, ಒಂದು ಸೈಜ್ ದೊಡ್ಡದು. ನೀವು ತಗೊಳ್ಳುವಾಗ ಲೆನ್ಸ್‌ಗೆ ಹುಡ್ ಹಾಕಿ, ಜೂಮ್ ಪೂರ್ತಿ ಉದ್ದ ಮಾಡಿಕೊಂಡೇ ಅಳತೆ ನೋಡಿ. ನಾನು ಅದನ್ನು ಮಾಡಿರಲಿಲ್ಲ.