ಕೈ ಸಣ್ಣದಿದ್ದರೆ ಜಾಝ್ ಬೇಸೇ ಬೇಕಾ? ನಾಲ್ಕು ನೆಕ್‌ ನುಡಿಸಿ ನೋಡಿದ ಮೇಲೆ

ನನ್ನ ಕೈ ಸಣ್ಣದು. ಬೆರಳು ಪೂರ್ತಿ ಚಾಚಿದರೂ ಗೇಣು 18 ಸೆಂ.ಮೀ. ದಾಟುವುದಿಲ್ಲ. ಬೇಸ್ ಗಿಟಾರ್ ತಗೊಳ್ಳಲು ಹೊರಟಾಗ ಕೇಳಿದವರೆಲ್ಲ ಒಂದೇ ಮಾತು ಹೇಳಿದ್ದರು. "ಸಣ್ಣ ಕೈಗೆ ಜಾಝ್ ಬೇಸೇ ಸರಿ. ಪ್ರಿಸಿಷನ್ ನೆಕ್ ನಿಮ್ಮ ಕೈಗೆ ಸಿಗಲ್ಲ." ಜಾಝ್, ಪ್ರಿಸಿಷನ್ ಎರಡೂ ಫೆಂಡರ್ ಕಂಪನಿಯ ಬೇಸ್ ಮಾದರಿಗಳು. ನೆಕ್ ಅಂದರೆ ಎಡಗೈಯಲ್ಲಿ ಹಿಡಿಯುವ ಉದ್ದನೆಯ ಕತ್ತು. ನಂಬಿ ಜಾಝ್ ತಗೊಂಡೆ. ಆರು ವರ್ಷ ಅದರಲ್ಲೇ ಆರ್ಕೆಸ್ಟ್ರಾದಲ್ಲಿ ನುಡಿಸಿದೆ. ಗಣೇಶನ ಹಬ್ಬದ ಸೀಸನ್‌ನಲ್ಲಿ ದಿನಾ ಮೂರು ಗಂಟೆ ನುಡಿಸಿ ಮನೆಗೆ ಬಂದರೆ ಎಡಗೈ ಮಣಿಕಟ್ಟು ಸಿಡಿಯುತ್ತಿತ್ತು. ಅಷ್ಟು ಸಪೂರ ನೆಕ್ ಇದ್ದೂ ಯಾಕೆ ಈ ನೋವು? ಆ ಪ್ರಶ್ನೆ ಹಿಡಿದು ಹೊರಟಾಗ ಈ ಹೋಲಿಕೆ ಹುಟ್ಟಿತು.

ಕಳೆದ ಮಳೆಗಾಲದಲ್ಲಿ ಕಾರ್ಯಕ್ರಮ ಕಡಿಮೆ ಇತ್ತು. ಗೆಳೆಯರಿಂದ ಕೇಳಿ ತಂದು ನಾಲ್ಕು ಬೇಸ್ ಒಟ್ಟು ಮಾಡಿದೆ. ನನ್ನದೇ ಜಾಝ್, ನಟ್ (ನೆಕ್ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಹತ್ತಿರ ಅಗಲ 38.1 ಮಿ.ಮೀ. ಈಗಿನ ಅಳತೆಯ ಪ್ರಿಸಿಷನ್ ಒಂದು, 41.3 ಮಿ.ಮೀ. 1950ರ ದಶಕದ ಅಳತೆಯಲ್ಲೇ ಮಾಡಿದ ಅಗಲ ನೆಕ್‌ನ ಪ್ರಿಸಿಷನ್ ಇನ್ನೊಂದು, 44.5 ಮಿ.ಮೀ. ನಾಲ್ಕನೆಯದು ಮಸ್ಟ್ಯಾಂಗ್, ಗಿಡ್ಡ ನೆಕ್‌ನದು. ಅದರ ನಟ್ ಕೂಡ 38.1. ಮೊದಲ ಮೂರಕ್ಕೂ ಒಂದೇ ದಪ್ಪದ ಹೊಸ ತಂತಿ ಹಾಕಿದೆ. 12ನೇ ಫ್ರೆಟ್ (ನೆಕ್ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿ) ಮೇಲೆ ಕೊನೆಯ ದಪ್ಪ ತಂತಿಯ ಎತ್ತರ 2.5 ಮಿ.ಮೀ. ಇರುವ ಹಾಗೆ ಹೊಂದಿಸಿದೆ. ಹೀಗೆ ಮಾಡದೆ ಹೋಲಿಸಿದರೆ ನೆಕ್ ಬದಲು ಸೆಟಪ್ ಹೋಲಿಸಿದ ಹಾಗಾಗುತ್ತೆ.

ಈ ಅಳತೆಗಳು ಎಲ್ಲಿಂದ ಬಂದವು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ 1951ರಲ್ಲಿ ಪ್ರಿಸಿಷನ್ ಬೇಸ್ ತಂದರು. ಅದಕ್ಕೆ ಮುಂಚೆ ಬೇಸ್ ಅಂದರೆ ನಿಂತು ನುಡಿಸುವ ದೊಡ್ಡ ಡಬಲ್ ಬೇಸ್. ಅದಕ್ಕೆ ಫ್ರೆಟ್ ಇಲ್ಲ, ಸ್ವರ ಕಿವಿಯಿಂದಲೇ ಹುಡುಕಬೇಕು. ಫ್ರೆಟ್ ಬಂದಾಗ ಸ್ವರ ಕರಾರುವಾಕ್ಕಾಗಿ ಸಿಕ್ಕಿತು, ಹೆಸರೂ ಅದರಿಂದಲೇ ಬಂತು. ಈಗ ನಾವು ನೋಡುವ ಎರಡು ತುಂಡಿನ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ) 1957ರದ್ದು. 1960ರಲ್ಲಿ ಜಾಝ್ ಬಂತು: ನಟ್ ಕಡೆ ಸಪೂರ ನೆಕ್, ಎರಡು ಪಿಕಪ್, ಸೊಂಟ ಓರೆಯಾದ ಬಾಡಿ. 1966ರಲ್ಲಿ ಮಸ್ಟ್ಯಾಂಗ್.

ಈಗ ನನ್ನ ಕಣ್ಣು ತೆರೆಸಿದ ವಿಷಯಕ್ಕೆ ಬರುತ್ತೇನೆ. ಪಕ್ಕದ ಲೇತ್ ವರ್ಕ್‌ಶಾಪ್‌ನಿಂದ ವರ್ನಿಯರ್ ತಂದು ನೆಕ್‌ಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ಮಲಗಿಸಿ ಅಳೆದೆ. ನಟ್ ಹತ್ತಿರ ಜಾಝ್‌ಗೂ ಅಗಲದ ಪ್ರಿಸಿಷನ್‌ಗೂ 6 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ. ಐದನೇ ಫ್ರೆಟ್‌ಗೆ ಬಂದರೆ ಸುಮಾರು 4. ಹನ್ನೆರಡನೇ ಫ್ರೆಟ್‌ನಲ್ಲಿ 2 ಮಿ.ಮೀ. ಕೂಡ ಇಲ್ಲ. ಬಾಡಿ ಸೇರುವ ಕಡೆ ಎಲ್ಲಾ ಹೆಚ್ಚುಕಡಿಮೆ ಒಂದೇ. ಅಂದರೆ ಜಾಝ್ ನೆಕ್ ಸಪೂರ ಅನ್ನುವ ಮಾತು ಮೊದಲ ನಾಲ್ಕೈದು ಫ್ರೆಟ್‌ಗಳಿಗೆ ಮಾತ್ರ ಅನ್ವಯಿಸುತ್ತೆ. ಮೇಲೆ ಹೋದ ಹಾಗೆ ಅದು ಬೇರೆ ನೆಕ್ ಅಲ್ಲವೇ ಅಲ್ಲ.

ಆಮೇಲೆ ಉದ್ದಕ್ಕೆ ಅಳೆದೆ. ಪ್ರಿಸಿಷನ್ ಇರಲಿ, ಜಾಝ್ ಇರಲಿ, ಎರಡರ ಸ್ಕೇಲ್ (ನಟ್‌ನಿಂದ ಬಾಡಿ ಮೇಲಿನ ಸೇತುವೆ ತನಕ ನುಡಿಯುವ ತಂತಿಯ ಉದ್ದ) 34 ಇಂಚು, ಅಂದರೆ 864 ಮಿ.ಮೀ. ಫ್ರೆಟ್‌ಗಳ ನಡುವಿನ ದೂರ ಒಂದು ಕೂದಲೂ ಬೇರೆ ಇಲ್ಲ. ತೋರುಬೆರಳು ಮೊದಲನೇ ಫ್ರೆಟ್ ಹತ್ತಿರ, ಕಿರುಬೆರಳು ನಾಲ್ಕನೇ ಫ್ರೆಟ್ ಹತ್ತಿರ ಇಡಬೇಕು ಅಂದರೆ ಎರಡರಲ್ಲೂ ಸುಮಾರು 13 ಸೆಂ.ಮೀ. ಬೆರಳು ಬಿಡಿಸಬೇಕು. ಮಸ್ಟ್ಯಾಂಗ್ ಸ್ಕೇಲ್ 30 ಇಂಚು. ಅದರಲ್ಲಿ ಇದೇ ಚಾಚು 11.5 ಸೆಂ.ಮೀ.ಗೂ ಒಳಗೆ. ನನ್ನಂಥ ಕೈಗೆ ಒಂದೂವರೆ ಸೆಂ.ಮೀ. ಅಂದರೆ ಸಣ್ಣ ವಿಷಯ ಅಲ್ಲ.

ನನ್ನ ನೋವು ಇದ್ದದ್ದು ಉದ್ದಕ್ಕೆ. ನಾನು ತಗೊಂಡ ಪರಿಹಾರ ಅಡ್ಡಕ್ಕೆ. ಸಣ್ಣ ಕೈಯವರಿಗೆ ಸುಮ್ನೆ "ಜಾಝ್ ತಗೋ" ಅನ್ನುವ ಬದಲು ಕೇಳಬೇಕಾದ ಪ್ರಶ್ನೆ ಬೇರೆ. ಬೆರಳು ದಪ್ಪ ತಂತಿಯ ತನಕ ಮೇಲೆ ಏರುತ್ತಿಲ್ಲವಾ, ಅಥವಾ ಮುಂದಿನ ಫ್ರೆಟ್ ತನಕ ಚಾಚುತ್ತಿಲ್ಲವಾ? ಮೊದಲನೆಯದಾದರೆ ನಟ್ ಅಗಲ ನೋಡಿ. ಎರಡನೆಯದಾದರೆ ಸ್ಕೇಲ್ ನೋಡಿ.

ಅಗಲದ ಪ್ರಿಸಿಷನ್ ಬಗ್ಗೆ ನನಗೆ ನಿಜವಾಗಿಯೂ ಭಯ ಇತ್ತು. ಮೊದಲ ಸಲ ಹಿಡಿದಾಗ ಕ್ರಿಕೆಟ್ ಬ್ಯಾಟ್ ಹಿಡಿದ ಹಾಗಾಯಿತು. ಆದರೆ ನಾಲ್ಕನೇ ದಿನಕ್ಕೆ ಒಂದು ಬದಲಾವಣೆ ಗಮನಿಸಿದೆ. ಜಾಝ್‌ನಲ್ಲಿ ನಾನು ಹೆಬ್ಬೆರಳನ್ನು ನೆಕ್ ಮೇಲಿನ ಅಂಚಿಗೆ ಸಿಕ್ಕಿಸಿಕೊಂಡು ನುಡಿಸುತ್ತಿದ್ದೆ. ಹಾಗೆ ಮಾಡಿದರೆ ಅಂಗೈ ನೆಕ್‌ಗೆ ಅಂಟಿಕೊಳ್ಳುತ್ತೆ, ಬೆರಳು ಗಿಡ್ಡವಾಗುತ್ತವೆ. ಅಗಲದ ನೆಕ್ ಹಾಗೆ ಹಿಡಿಯಲು ಬಿಡುವುದಿಲ್ಲ. ಹೆಬ್ಬೆರಳು ತಾನಾಗಿಯೇ ಹಿಂಬದಿಯ ಮಧ್ಯಕ್ಕೆ ಇಳಿಯಿತು. ಬೆರಳುಗಳಿಗೆ ಜಾಗ ಸಿಕ್ಕಿತು. ತಂತಿಗಳ ನಡುವೆ ಅಂತರ ಜಾಸ್ತಿ ಇರುವುದರಿಂದ ಪಕ್ಕದ ತಂತಿಗೆ ಬೆರಳು ತಾಗಿ ಸ್ವರ ಸಾಯುವುದೂ ನಿಂತಿತು. ಹಾಗಂತ ಅದು ನನಗೆ ಪೂರ್ತಿ ಒಗ್ಗಲಿಲ್ಲ. ದಪ್ಪ ತಂತಿಯ ಮೊದಲ ಫ್ರೆಟ್‌ನಲ್ಲಿ ಒಂದೇ ಸಮನೆ ಹತ್ತು ನಿಮಿಷ ನುಡಿಸಿದರೆ ಮಣಿಕಟ್ಟು ಮಡಚಿ ಮಡಚಿ ಸೋತು ಹೋಗುತ್ತಿತ್ತು.

41.3ರ ಪ್ರಿಸಿಷನ್ ನಡುವಿನದು. ಹೆಬ್ಬೆರಳಿಗೆ ಸರಿಯಾದ ಜಾಗ ಕಲಿಸುವಷ್ಟು ಅಗಲ, ಮೊದಲ ಫ್ರೆಟ್‌ನಲ್ಲಿ ಮಣಿಕಟ್ಟು ಮುರಿಯದಷ್ಟು ಸಪೂರ. ಇದರ ಬಗ್ಗೆ ಹೇಳಲು ಜಾಸ್ತಿ ಇಲ್ಲ, ಯಾಕಂದರೆ ನುಡಿಸುವಾಗ ನೆಕ್ ಇದೆ ಅನ್ನುವುದೇ ಮರೆತುಹೋಗುತ್ತೆ. ನನಗೆ ಬೇಕಾದದ್ದು ಅದೇ.

ಹಳೆಯದು ತಗೊಳ್ಳುವವರಿಗೆ ಒಂದು ಎಚ್ಚರಿಕೆ. 1960ರ ದಶಕದ ಫೆಂಡರ್ ನೆಕ್‌ಗಳ ಬುಡದಲ್ಲಿ ಎ, ಬಿ, ಸಿ ಅಂತ ಅಕ್ಷರ ಒತ್ತಿರುತ್ತಿದ್ದರು. ಅದು ನಟ್ ಅಗಲದ ಗುರುತು. ಎ ಅಂದರೆ ಒಂದೂವರೆ ಇಂಚು, ಬಿ ಅಂದರೆ 41.3 ಮಿ.ಮೀ., ಸಿ ಅಂದರೆ ಒಂದೂ ಮುಕ್ಕಾಲು ಇಂಚು. ಈಗಿನ ವಿವರಪಟ್ಟಿಯಲ್ಲಿ "ಸಿ" ಅಂತ ಬರೆದಿದ್ದರೆ ಅದು ಬೇರೆಯೇ ಸಂಗತಿ, ನೆಕ್ ಹಿಂಬದಿಯ ಗುಂಡಗಿನ ಆಕಾರ. ಅಗಲಕ್ಕೂ ದಪ್ಪಕ್ಕೂ ಸಂಬಂಧ ಇಲ್ಲ. ಸಪೂರ ನೆಕ್ ಹಿಂದೆ ದಪ್ಪಗಿರಬಹುದು, ಅಗಲದ ನೆಕ್ ಚಪ್ಪಟೆಯಾಗಿರಬಹುದು. ಮಾರುವವರು "ಸಿ ನೆಕ್" ಅಂದರೆ ಯಾವ ಸಿ ಅಂತ ಕೇಳಿ, ಸಾಧ್ಯವಾದರೆ ಅಳತೆಪಟ್ಟಿ ಇಟ್ಟು ಫೋಟೋ ಕಳಿಸಲು ಹೇಳಿ.

ಇನ್ನು ನಾದ. ಅದನ್ನು ನಿರ್ಧರಿಸುವುದು ಬಹುಪಾಲು ಪಿಕಪ್, ತಂತಿ ಮತ್ತು ಬೆರಳು. ಪ್ರಿಸಿಷನ್‌ನದ್ದು ದುಂಡಗಿನ ನಾದ, ಡ್ರಮ್ಸ್ ಮತ್ತು ಕೀಬೋರ್ಡ್ ಮಧ್ಯೆಯೂ ಕಳೆದುಹೋಗುವುದಿಲ್ಲ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳಲ್ಲಿ ಜೇಮ್ಸ್ ಜೇಮರ್‌ಸನ್ 1962ರ ಪ್ರಿಸಿಷನ್‌ನಲ್ಲಿ, ಬಲಗೈಯ ತೋರುಬೆರಳು ಒಂದರಿಂದಲೇ ಅಷ್ಟೆಲ್ಲ ನುಡಿಸಿದರು. ಜಾಝ್‌ನ ಸೇತುವೆ ಕಡೆಯ ಪಿಕಪ್‌ನಲ್ಲಿ ಒಂದು ಗುರುಗುಟ್ಟುವ ಖಾರ ಇದೆ. ಜಾಕೋ ಪಾಸ್ಟೋರಿಯಸ್ ಫ್ರೆಟ್ ತೆಗೆದ 1962ರ ಜಾಝ್‌ನಲ್ಲಿ ಹಾಡಿಸಿದ್ದು ಅದನ್ನೇ. ಆ ಖಾರ ನನಗೆ ಇಂದಿಗೂ ಇಷ್ಟ.

ಆದರೆ ಪೆಂಡಾಲ್‌ನಲ್ಲಿ ಕಥೆ ಬೇರೆ. ಜಾಝ್‌ನ ಎರಡು ಪಿಕಪ್ ವಾಲ್ಯೂಮ್ ಸಮ ಇದ್ದರೆ ಒಂದರ ಹಮ್ (ಕರೆಂಟಿನ ಗುಂಯ್ ಸದ್ದು) ಇನ್ನೊಂದು ನುಂಗುತ್ತೆ. ಒಂದನ್ನು ಇಳಿಸಿದರೆ ಹಮ್ ಹೊರಗೆ ಬರುತ್ತೆ. ಒಂದು ಊರಿನ ಗಣೇಶೋತ್ಸವದಲ್ಲಿ ಅರ್ಥಿಂಗ್ ಸರಿ ಇರಲಿಲ್ಲ, ಸೀರಿಯಲ್ ಸೆಟ್ ದೀಪಗಳೂ ನಮ್ಮ ಲೈನಿನಲ್ಲೇ ಇದ್ದವು. ನಿಧಾನದ ಒಂದು ಭಕ್ತಿಗೀತೆಗೆ ಮುಂಚೆ ಖಾರ ಬೇಕು ಅಂತ ನೆಕ್ ಕಡೆಯ ಪಿಕಪ್ ಇಳಿಸಿದೆ. ಗಾಯಕಿ ಆಲಾಪ ಶುರು ಮಾಡಿದರೆ ಸ್ಪೀಕರ್ ತುಂಬಾ "ಗುಂಯ್". ಹಾಡು ಮುಗಿಯುವ ತನಕ ಎರಡೂ ಪೂರ್ತಿ ಏರಿಸಿಟ್ಟು ನುಡಿಸಬೇಕಾಯಿತು. ಪ್ರಿಸಿಷನ್‌ನ ಪಿಕಪ್ ಎರಡು ತುಂಡಾಗಿರುವುದೇ ಹಮ್ ತಾನೇ ಕಳೆದುಕೊಳ್ಳುವ ಹಾಗೆ. ನಮ್ಮ ವೇದಿಕೆಗಳಿಗೆ ಇದು ದೊಡ್ಡ ಅನುಕೂಲ.

ಮಸ್ಟ್ಯಾಂಗ್ ವಿಷಯದಲ್ಲಿ ಒಂದೇ ತಕರಾರು. ಸ್ಕೇಲ್ ಗಿಡ್ಡ ಆದ್ದರಿಂದ ಅದೇ ದಪ್ಪದ ತಂತಿಯ ಬಿಗಿ ಐದನೇ ಒಂದು ಭಾಗದಷ್ಟು ಕಡಿಮೆ. ಎಲ್ಲಕ್ಕಿಂತ ದಪ್ಪದ ಇ ತಂತಿ ಸ್ವಲ್ಪ ಜೋಲುತ್ತೆ. ಜೋರಾಗಿ ಮೀಟಿದರೆ ಸ್ವರ ಮೊದಲು ಏರಿ ಆಮೇಲೆ ಕೂರುತ್ತೆ. ಮೆಲ್ಲಗೆ ಮೀಟುವವರಿಗೆ ಅದು ತೊಂದರೆಯೇ ಅಲ್ಲ. ನನ್ನ ಬಲಗೈ ಸ್ವಲ್ಪ ಜೋರು.

ಹಾಗಾಗಿ ಈ ಸಲ ಹಬ್ಬದ ಕಾರ್ಯಕ್ರಮಗಳಿಗೆ 41.3ರ ಪ್ರಿಸಿಷನ್ ತಗೊಂಡು ಹೋಗುತ್ತಿದ್ದೇನೆ. ಗೆಳೆಯರು ಅದನ್ನು ನನಗೇ ಮಾರಿದರು. ಉದ್ದದ ಚಾಚು ಅದರಲ್ಲೂ ಅಷ್ಟೇ ಇದೆ, ನಿಜ. ಹೆಬ್ಬೆರಳು ಕೆಳಗಿಳಿದ ಮೇಲೆ, ಬೆರಳಿಗೊಂದು ಫ್ರೆಟ್ ಅನ್ನುವ ಹಟ ಬಿಟ್ಟು ಮೊದಲ ಫ್ರೆಟ್‌ಗಳಲ್ಲಿ ಕೈ ಸರಿಸಿ ನುಡಿಸಲು ಕಲಿತ ಮೇಲೆ ನೋವು ತುಂಬಾ ಕಡಿಮೆಯಾಗಿದೆ. ಜಾಝ್ ಮಾರಿಲ್ಲ, ರೆಕಾರ್ಡಿಂಗ್‌ಗೆ ಅದೇ. ಅಗಲದ್ದನ್ನು ಮನಸ್ಸಿಲ್ಲದ ಮನಸ್ಸಿನಿಂದ ವಾಪಸ್ ಕೊಟ್ಟೆ.

ಮಸ್ಟ್ಯಾಂಗ್ ಇನ್ನೂ ನಮ್ಮ ಮನೆಯಲ್ಲೇ ಇದೆ. ನನ್ನ ಹತ್ತಿರ ಕಲಿಯಲು ಬರುವ ಹನ್ನೆರಡು ವರ್ಷದ ಹುಡುಗಿಗೆ ಜಾಝ್‌ನಲ್ಲಿ ನಾಲ್ಕನೇ ಫ್ರೆಟ್ ಸಿಗುತ್ತಲೇ ಇರಲಿಲ್ಲ. ಪ್ರತಿ ಸಲ ಕಿರುಬೆರಳು ಮೂರೂವರೆಯಲ್ಲಿ ನಿಂತು ಸ್ವರ ಕಿರ್ ಅನ್ನುತ್ತಿತ್ತು, ಅವಳು ನನ್ನ ಮುಖ ನೋಡುತ್ತಿದ್ದಳು. ಮಸ್ಟ್ಯಾಂಗ್ ಕೊಟ್ಟ ದಿನ ಅವಳ ಕಿರುಬೆರಳು ನಾಲ್ಕನೇ ಫ್ರೆಟ್ ಹಿಂದೆ ನೆಟ್ಟಗೆ ಕೂತಿತು. "ಆಂಟಿ, ಬಂತು!" ಅಂದಳು. ಅದನ್ನೇ ಇಪ್ಪತ್ತು ಸಲ ನುಡಿಸಿದಳು.