ಮೂರು ಮಳೆಗಾಲ ಕಂಡ 18 ಇಂಚಿನ ಮಚ್ಚು

ಕೊಡಗಿನ ಪೊನ್ನಂಪೇಟೆ ಕಡೆ ನಮ್ಮ ಕಾಫಿ ತೋಟದ ಒಂದು ಅಂಚು ಕಾಡಿಗೆ ತಾಗಿದೆ. ವರ್ಷಕ್ಕೆ ಎರಡು ಸಲವಾದರೂ ಬೇಲಿ ದಾರಿ ಬಿಡಿಸದಿದ್ದರೆ ಲಂಟಾನ ತೋಟದೊಳಗೇ ನುಗ್ಗುತ್ತದೆ. ಮನೆಯಲ್ಲಿ ಕುಲುಮೆಯ ಕತ್ತಿ ಇತ್ತು. ಆದರೂ ಮೂರು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ಈ ಮಚ್ಚು ತರಿಸಿದೆ. ಕಾರ್ಬನ್ ಸ್ಟೀಲ್, 2 ಮಿ.ಮೀ. ದಪ್ಪ, ಪ್ಲಾಸ್ಟಿಕ್ ಹಿಡಿ.

ಬಂದಾಗ ಬಾಯಿ ಪೂರ್ತಿ ಮೊಂಡು. ಅರ ಹಾಕಿ ನಿಧಾನಕ್ಕೆ ಉಜ್ಜಬೇಕಿತ್ತು. ನಾನು ಅವಸರಕ್ಕೆ ಗ್ರೈಂಡರ್ ಹಿಡಿದೆ. ತುದಿ ಬಿಸಿಯಾಗಿ ನೀಲಿಗೆ ತಿರುಗಿತು, ಅಲ್ಲಿ ಉಕ್ಕಿನ ಹದ ಹೋಗಿ ಮೆತ್ತಗಾಯಿತು. ಆ ಒಂದು ಇಂಚು ಇವತ್ತಿಗೂ ಗಟ್ಟಿ ಕಡ್ಡಿಗೆ ತಾಗಿದರೆ ಮಡಚಿಕೊಳ್ಳುತ್ತದೆ. ತಪ್ಪು ನನ್ನದೇ.

ತೋಟದ ಕೆಲಸದವರೊಬ್ಬರು ಕೈಗೆತ್ತಿ ನೋಡಿ, "ಇದು ತಗಡು ಅಲ್ವಾ ಅಣ್ಣ" ಅಂತ ನಕ್ಕರು. ಅವತ್ತು ಮಧ್ಯಾಹ್ನ ಜರಿಗಿಡ, ಎಳೆ ಲಂಟಾನ ಸವರಿದ ಮೇಲೆ ಅವರೇ ವಾಪಸ್ ಕೊಡಲು ಒಪ್ಪಲಿಲ್ಲ. ಹಗುರ ಇರೋದ್ರಿಂದ ಬೀಸಿದಷ್ಟೂ ಕೈ ಸೋಲುವುದಿಲ್ಲ. ಸ್ವಲ್ಪ ಓರೆಯಾಗಿ ಬೀಸಿದರೆ ಹಸಿ ಕಾಂಡ ಒಂದೇ ಏಟಿಗೆ ಹೋಗುತ್ತದೆ. ಆದರೆ ಮಣಿಕಟ್ಟಿನಷ್ಟು ದಪ್ಪದ ಹಾಲುವಾಣ ಅನ್ನೋ ನೆರಳಿನ ಮರದ ಕೊಂಬೆಗೆ ಇದನ್ನು ಹಾಕಬೇಡಿ. ಬಿದಿರಿನ ಗಂಟಿನಲ್ಲಂತೂ ಸಿಕ್ಕಿಹಾಕಿಕೊಂಡು ಜೀವ ತಿನ್ನುತ್ತದೆ. ಅದಕ್ಕೆಲ್ಲ ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಬಡಿದ ಊರ ಕತ್ತಿಯೇ ಸರಿ. ಅದರ ತುದಿಯ ಕೊಕ್ಕೆಯಿಂದ ಪೊದೆ ಎಳೆಯಬಹುದು, ಇದಕ್ಕೆ ಅದಿಲ್ಲ. ಹಾಗಾಗಿ ನಾನು ಎಡಗೈಯಲ್ಲಿ ಕಾಫಿ ಗಿಡದ ಕೊಕ್ಕೆ ಕೋಲು ಹಿಡಿಯುತ್ತೇನೆ. ಹಾವಿರುವ ಜಾಗಕ್ಕೆ ಬರಿಗೈ ಹಾಕೋದು ತಪ್ಪುತ್ತದೆ. (ಗೋಡೆಯ ಮೇಲಿನ ಒಡಿಕತ್ತಿ, ಅಂದರೆ ಕೊಡವರ ಸಾಂಪ್ರದಾಯಿಕ ಅಗಲ ಕತ್ತಿ, ತೆಗೆದರೆ ಆಗಲ್ವಾ ಅಂತ ಒಬ್ಬ ನೆಂಟ ಕೇಳಿದ. ಅದು ಮದುವೆಯಲ್ಲಿ ಬಾಳೆ ಕಡಿಯಲಿಕ್ಕೆ ಮಾರಾಯ!)

ಮಳೆಯಲ್ಲಿ ಹಿಡಿಯೇ ದೊಡ್ಡ ತಲೆನೋವು. ಮೊದಲ ವರ್ಷ ಜುಲೈನಲ್ಲಿ ಒದ್ದೆ ಕೈಯಿಂದ ಜಾರಿ ಹಾರಿ, ಹತ್ತು ಅಡಿ ಆಚೆ ಕಾಫಿ ಗಿಡದ ಬುಡಕ್ಕೆ ನಾಟಿತು. ಅಲ್ಲಿ ಯಾರೂ ಇರಲಿಲ್ಲ, ಪುಣ್ಯ. ಅವತ್ತೇ ಹಳೆ ಸೈಕಲ್ ಟ್ಯೂಬ್ ಸೀಳಿ ಬಿಗಿಯಾಗಿ ಸುತ್ತಿದೆ. ಆಮೇಲೆ ಜಾರಿಲ್ಲ.

ತುಕ್ಕಿನ ಕಾಟವೂ ಇದೆ. ಒರೆಸದೆ ಇಟ್ಟರೆ ಬೆಳಿಗ್ಗೆ ಕೆಂಪಗೆ. ಜೊತೆಗೆ ಬಂದ ಬಟ್ಟೆಯ ಚೀಲ ನೀರು ಹೀರಿ ಇನ್ನೂ ಹಾಳು ಮಾಡಿತು, ಎಸೆದೆ. ಈಗ ಕೊಬ್ಬರಿ ಎಣ್ಣೆ ಸವರಿ ಒಲೆಯ ಮೇಲಿನ ಮೊಳೆಗೆ ತೂಗುಹಾಕುತ್ತೇನೆ.

ಬೇಲಿ, ಕಾಡುದಾರಿಗೆ 18 ಇಂಚು ಚೆನ್ನ. ಕಾಫಿ ಸಾಲಿನ ಒಳಗೆ ಮಾತ್ರ ಬೀಸಲು ಜಾಗ ಸಾಲದೆ ಗಿಡದ ಎರಡು ಒಳ್ಳೆ ರೆಕ್ಕೆ (ಅಡ್ಡ ಕೊಂಬೆ) ಕಡಿದುಕೊಂಡೆ. ಮುಂದಿನದು 14 ಇಂಚಿನದೇ, ಮರದ ಹಿಡಿಯದ್ದು.