ಕ್ಯಾಂಪರ್ ಎಳ್ಕೊಂಡು ರಾಕೀಸ್ ಹತ್ತೋಕೆ ಯಾವ ಎಂಜಿನ್? ವಿ8, ಇಕೋಬೂಸ್ಟ್, ಚಿಕ್ಕ ಡೀಸೆಲ್: ಮೂರನ್ನೂ ಓಡಿಸಿ ನೋಡಿದ್ದು

ಬ್ರೋಷರಲ್ಲಿ 400 ಹಾರ್ಸ್‌ಪವರ್ ಅಂತ ಬರ್ದಿರ್ತಾರಲ್ಲ, ಅದು ಸಮುದ್ರಮಟ್ಟದ ಲೆಕ್ಕ. ರಾಕೀಸ್ ಬೆಟ್ಟಸಾಲಿರೋ ಅಮೆರಿಕದ ಕೊಲರಾಡೋದಲ್ಲಿ ಇರೋರಿಗೆ ಆ ನಂಬರ್ ಮನೆ ಗೇಟ್ ದಾಟೋ ಹೊತ್ತಿಗೇ ಸುಳ್ಳಾಗಿರತ್ತೆ. ಟರ್ಬೋ (ಗಾಳೀನ ಒತ್ತಿ ಎಂಜಿನ್ ಒಳಗೆ ತುಂಬೋ ಪಂಪ್) ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಹತ್ತತ್ರ 3% ಪವರ್ ಕಳ್ಕೊಳ್ಳತ್ತೆ, ಯಾಕಂದ್ರೆ ಮೇಲೆ ಹೋದಷ್ಟೂ ಗಾಳಿ ತೆಳು, ಗಾಳಿ ಕಮ್ಮಿ ಆದ್ರೆ ಸುಡೋ ಪೆಟ್ರೋಲೂ ಕಮ್ಮಿ. ಡೆನ್ವರ್ 5,280 ಅಡಿ, ಅಲ್ಲೇ 16% ಹೋಯ್ತು. ಐ-70 ಹೈವೇಲಿ ಪಶ್ಚಿಮಕ್ಕೆ 60 ಮೈಲಿ ಹೋದ್ರೆ ಐಸೆನ್‌ಹೋವರ್ ಟನಲ್, 11,000 ಅಡಿ ದಾಟತ್ತೆ. ನಮ್ಮ ಮುಳ್ಳಯ್ಯನಗಿರಿ ತುದಿ 6,300 ಅಡಿ ಚಿಲ್ಲರೆ ಅಂತ ನೆನಪಿಟ್ಕೊಂಡ್ರೆ ಇದೆಷ್ಟು ಎತ್ತರ ಅಂತ ಗೊತ್ತಾಗತ್ತೆ. ಅಲ್ಲಿ ನಿಮ್ಮ 400ರ ವಿ8 (ಎಂಟು ಸಿಲಿಂಡರ್ ಎಂಜಿನ್) ಹತ್ರ ಉಳಿದಿರೋದು 270ರ ಆಸುಪಾಸು.

ನಮ್ಮದು 25 ಅಡಿ ಟ್ರಾವೆಲ್ ಟ್ರೇಲರ್. ನೀರು, ಗ್ಯಾಸು, ಅಡುಗೆ ಸಾಮಾನು, ಮಕ್ಕಳ ಸೈಕಲ್ ಎಲ್ಲ ತುಂಬಿ ತೂಕದ ಕಟ್ಟೆ ಮೇಲೆ ನಿಲ್ಸಿದ್ರೆ 6,800 ಪೌಂಡ್, ಅಂದ್ರೆ 3 ಟನ್ ಮೇಲೆ. ಹಳೇ ಎಸ್‌ಯುವಿ ಇದಕ್ಕೆ ಸಾಲಲ್ಲ ಅಂತ ಆದ್ಮೇಲೆ ಟ್ರಕ್ ತಗೋಬೇಕು ಅಂತ ಕೂತ್ವಿ. ಟೆಸ್ಟ್ ಡ್ರೈವಿಗೆ ಟ್ರೇಲರ್ ಕಟ್ಟೋಕೆ ಡೀಲರ್‌ಗಳು ಬಿಡಲ್ಲ, ಬಾಡಿಗೆ ಕಂಪನಿಗಳೂ ಸಾಮಾನ್ಯವಾಗಿ ಟೋ ಮಾಡೋಕೆ ಒಪ್ಪಲ್ಲ, ಹಾಗಾಗಿ ಗೊತ್ತಿರೋರ ಹತ್ರ ಕೇಳಿ ಕೇಳಿ, ಇನ್ಶೂರೆನ್ಸ್‌ಗೆ ಫೋನ್ ಮಾಡಿ ಕನ್ಫರ್ಮ್ ಮಾಡ್ಕೊಂಡು, ಅದೇ ಟ್ರೇಲರನ್ನ ಬೇರೆ ಬೇರೆ ಟ್ರಕ್ಕಿಗೆ ಕಟ್ಟಿ ಅದೇ ದಾರೀಲಿ ಡಿಲನ್ ಕೆರೆ ಹತ್ರದ ಕ್ಯಾಂಪ್‌ಗ್ರೌಂಡ್‌ವರೆಗೆ ಹೋಗಿ ಬಂದ್ವಿ. ವಾಪಸ್ ಬರೋವಾಗ ಸಿಲ್ವರ್‌ಥಾರ್ನ್‌ನಿಂದ ಟನಲ್‌ವರೆಗೆ 8 ಮೈಲಿ ಏರು, 7% ಹತ್ರ ಗ್ರೇಡ್, ಶುರುವಾಗೋದೇ 9,000 ಅಡಿ ಹತ್ರದಿಂದ. ಎಂಜಿನ್ ಬಂಡವಾಳ ಅಲ್ಲಿ ಬಯಲಾಗತ್ತೆ.

ಆಗುಂಬೆ, ಚಾರ್ಮಾಡಿ ಓಡ್ಸಿದವರು ಘಾಟಿ ಅಂದ್ರೆ ತಿರುವು ಅಂದ್ಕೊಳ್ತಾರೆ, ನಾನೂ ಹಂಗೇ ಬೆಳ್ದಿದ್ದು. ಐ-70ಲ್ಲಿ ತಿರುವು ಕಷ್ಟ ಅಲ್ಲ, ರಸ್ತೆ ಅಗಲ, ಮೂರು ಲೇನ್ ಇರತ್ತೆ. ಕಷ್ಟ ಏನಂದ್ರೆ ಏರು ಮುಗಿಯೋದೇ ಇಲ್ಲ, ಹಿಂದಿನಿಂದ ಬರೋ ಕಾರುಗಳು ಗಂಟೆಗೆ 65 ಮೈಲೀಲಿ ಬರ್ತಿರ್ತವೆ, ನೀವು 45ಕ್ಕೆ ಇಳಿದ್ರೆ ಹಜಾರ್ಡ್ ಲೈಟ್ ಹಾಕ್ಕೊಂಡು ದೊಡ್ಡ ಲಾರಿಗಳ ಜೊತೆ ಬಲಗಡೆ ಲೇನಲ್ಲಿ ಸಾಲಾಗಿ ಹೋಗ್ಬೇಕು. (ಭಾನುವಾರ ಮಧ್ಯಾಹ್ನ ಆದ್ರೆ ಈ ಚರ್ಚೆಯೇ ದಂಡ, ಇಡೀ ಡೆನ್ವರ್ ಬೆಟ್ಟದಿಂದ ವಾಪಸ್ ಬರ್ತಿರತ್ತೆ, ಎಲ್ಲರದ್ದೂ 20 ಮೈಲಿ ಸ್ಪೀಡು.)

ಮೊದಲು ಓಡ್ಸಿದ್ದು ನಮ್ಮ ಭಾವನ ಫೋರ್ಡ್ ಎಫ್-150, 5.0 ಲೀಟರ್ ವಿ8, 2021ರ ಮಾಡೆಲ್. 400 ಹಾರ್ಸ್‌ಪವರ್, 410 ಪೌಂಡ್-ಫುಟ್ ಟಾರ್ಕ್ (ಎಂಜಿನ್ ತಿರುಗಿಸೋ ಬಲ), 10 ಸ್ಪೀಡ್ ಆಟೋಮ್ಯಾಟಿಕ್. ಡೆನ್ವರ್ ಊರೊಳಗೆ, ಫ್ಲಾಟ್ ರೋಡಲ್ಲಿ ಏನೂ ಕೊರತೆ ಇಲ್ಲ, ಆರಾಮ. ಏರು ಶುರುವಾದ ಮೇಲೆ ಈ ಎಂಜಿನ್‌ಗೆ ಟಾರ್ಕ್ ಬೇಕಂದ್ರೆ 4,000 ಆರ್‌ಪಿಎಂ ಮೇಲೆ ಹೋಗ್ಲೇಬೇಕು, ಪೂರ್ತಿ ಪವರ್ ಬೇಕಂದ್ರೆ 6,000, ಅಂದ್ರೆ ಗೇರ್ ಇಳಿಸ್ತಾ ಇಳಿಸ್ತಾ ಕೂಗಾಡ್ಕೊಂಡು ಹತ್ತತ್ತೆ. ಟನಲ್ ಹತ್ರ ಬರೋ ಹೊತ್ತಿಗೆ ಪೆಡಲ್ ನೆಲಕ್ಕೆ ಒತ್ತಿದ್ರೂ 50 ಮೈಲಿ ಸುತ್ತಮುತ್ತ ನಿಂತೋಯ್ತು. "ಭಾವ, ಸ್ಪೀಡ್ ಇಳೀತಾ ಇದೆ" ಅಂದ್ರೆ ಪಕ್ಕದಲ್ಲಿ ಕೂತು "ಇಳೀಲಿ ಬಿಡೋ, ಸೌಂಡ್ ಕೇಳು" ಅಂತಾರೆ! ಅವರ ಮಾತಲ್ಲೂ ಅರ್ಥ ಇದೆ. ವಿ8ಗೆ ಆ ಆರ್‌ಪಿಎಂನಲ್ಲಿ ದುಡಿಯೋದು ಹೊಸದಲ್ಲ, ಟೆಂಪರೇಚರ್ ಗೇಜ್ ಅಲ್ಲಾಡ್ಲಿಲ್ಲ, ಟರ್ಬೋ ಇಂಟರ್‌ಕೂಲರ್ ಅಂತ ಜಾಸ್ತಿ ಪಾರ್ಟೂ ಇಲ್ಲ. ಆದ್ರೆ ಹಿಂದೆ ಕೂತ ಮಕ್ಕಳ ಜೊತೆ ಮಾತಾಡೋಕೆ ಕಿರುಚ್ಬೇಕು, ಎಂಟು ಮೈಲಿ ಉದ್ದಕ್ಕೂ. ರಾಮ್‌ನ 5.7 ಹೆಮಿ (395 ಹಾರ್ಸ್‌ಪವರ್), ಷೆವಿಯ 5.3 (355), ಇವಕ್ಕೂ ಟರ್ಬೋ ಇಲ್ಲ, ಈ ಎತ್ತರದಲ್ಲಿ ಇವುಗಳ ಲೆಕ್ಕಾನೂ ಇದೇ. ಅದಕ್ಕೇ ಅವನ್ನ ನಾನು ಓಡ್ಸೋಕೇ ಹೋಗ್ಲಿಲ್ಲ.

ಆಮೇಲೆ ಅದೇ ಎಫ್-150, ಆದ್ರೆ 3.5 ಇಕೋಬೂಸ್ಟ್, ಅಂದ್ರೆ ಫೋರ್ಡ್‌ನ ಟರ್ಬೋ ಪೆಟ್ರೋಲ್ ಎಂಜಿನ್. ವಿ6, ಎರಡು ಟರ್ಬೋ, ಹಾರ್ಸ್‌ಪವರ್ ಅದೇ 400, ಟಾರ್ಕ್ ಮಾತ್ರ 500, ಅದೂ 3,100 ಆರ್‌ಪಿಎಂಗೇ ಸಿಗತ್ತೆ. ಕಾಗದದ ಮೇಲೆ ಅಣ್ಣ ತಮ್ಮ ಇದ್ದಂಗೆ ಕಾಣೋ ಇವೆರಡೂ ಬೆಟ್ಟದ ಮೇಲೆ ನೆಂಟರೂ ಅಲ್ಲ. ಟರ್ಬೋ ತೆಳು ಗಾಳೀನ ಒತ್ತಿ ಒಳಗೆ ತುಂಬೋದ್ರಿಂದ ಎತ್ತರಕ್ಕೆ ಕಳ್ಕೊಳ್ಳೋದು ಸ್ವಲ್ಪವೇ. ಅದೇ ಏರಲ್ಲಿ 60 ಮೈಲಿ ಹಿಡ್ಕೊಂಡು 4,000 ಒಳಗೇ ಹತ್ತಿಬಿಡ್ತು, ಮಧ್ಯೆ ಲಾರಿ ಓವರ್‌ಟೇಕ್ ಮಾಡೋಕೆ ಕಾಲಲ್ಲಿ ಇನ್ನೂ ಜಾಗ ಇತ್ತು. ಹತ್ತೋದರಲ್ಲಿ ಇದನ್ನ ಮೀರ್ಸೋದು ಅರ್ಧ ಟನ್ ಅಂತ ಕರೆಯೋ ಈ ಸೈಜಿನ ಟ್ರಕ್ಕುಗಳಲ್ಲಿ ಕಷ್ಟ, ಇದರಲ್ಲಿ ಎರಡು ಮಾತಿಲ್ಲ.

ಒಂದು ವಿಷಯ, ಕೊಲರಾಡೋಗೆ ಹೊಸದಾಗಿ ಬಂದವರಿಗೆ ಗೊತ್ತಿರಲ್ಲ. ಇಲ್ಲಿ ಬಂಕಲ್ಲಿ ರೆಗ್ಯುಲರ್ ಅಂತ ಇರೋದು 85 ಆಕ್ಟೇನ್ (ಒತ್ತಡಕ್ಕೆ ಪೆಟ್ರೋಲ್ ತಾನೇ ಹೊತ್ಕೊಳ್ಳದೆ ತಡೆಯೋ ಶಕ್ತಿಯ ನಂಬರ್). ಟರ್ಬೋ ಇಲ್ಲದ ಹಳೇ ಎಂಜಿನ್‌ಗಳು ಎತ್ತರದಲ್ಲಿ ಹೇಗಿದ್ರೂ ಕಮ್ಮಿ ಗಾಳಿ ಎಳ್ಕೊಳ್ತಿದ್ವು, ಅದಕ್ಕೆ ನಡೀತಿತ್ತು. ಟರ್ಬೋ ಎಂಜಿನ್ ಒಳಗಿನ ಒತ್ತಡ ಎತ್ತರದಲ್ಲೂ ಕಮ್ಮಿ ಆಗಲ್ಲ, ಹಾಗಾಗಿ 85 ಹಾಕ್ಲೇಬಾರ್ದು, ಮ್ಯಾನ್ಯುಯಲಲ್ಲೂ 87ಕ್ಕಿಂತ ಕಮ್ಮಿ ಬೇಡ ಅಂತಾನೇ ಇದೆ, ಟೋ ಮಾಡೋವಾಗ 91 ಹಾಕೋದು ಒಳ್ಳೇದು. ಇಕೋಬೂಸ್ಟ್ ಪೆಟ್ರೋಲ್ ಖರ್ಚು ಲೆಕ್ಕ ಹಾಕೋವಾಗ ರೆಗ್ಯುಲರ್ ರೇಟ್ ಹಿಡ್ಕೊಂಡು ಖುಷಿ ಪಡ್ಬೇಡಿ. ಮೈಲೇಜ್? ಟ್ರೇಲರ್ ಕಟ್ಟಿದ್ರೆ ವಿ8ಗೂ ಇದಕ್ಕೂ ಗ್ಯಾಲನ್‌ಗೆ 8-9 ಮೈಲಿ, ದೊಡ್ಡ ವ್ಯತ್ಯಾಸ ಇಲ್ಲ. ಟರ್ಬೋ ಬೂಸ್ಟಲ್ಲಿ ಇರೋವಾಗ ಎಕಾನಮಿ ಅನ್ನೋದು ಮರ್ತುಬಿಡಿ.

ಹತ್ತಿದ ಮೇಲೆ ಇಳೀಬೇಕಲ್ಲ. ಯಾವ ಎಂಜಿನ್ ಹೆಚ್ಚು ಅಂತ ಜಗಳ ಆಡೋರೆಲ್ಲ ಹತ್ತೋದನ್ನೇ ಮಾತಾಡ್ತಾರೆ, ನನಗೆ ರಾತ್ರಿ ನಿದ್ದೆ ಕೆಡಿಸಿದ್ದು ಇಳಿಯೋದು. ನಿಧಾನಕ್ಕೆ ಹತ್ತಿದ್ರೆ ಮರ್ಯಾದೆ ಹೋಗತ್ತೆ ಅಷ್ಟೇ, ಇಳಿಯೋವಾಗ ಬ್ರೇಕ್ ಕಾದು ಹಿಡೀಲಿಲ್ಲ ಅಂದ್ರೆ ಆ ಕಥೆ ಬೇರೆ. ಟನಲ್‌ನಿಂದ ಸಿಲ್ವರ್‌ಥಾರ್ನ್‌ಗೆ ಇಳಿಯೋ ದಾರೀಲಿ ಬ್ರೇಕ್ ಫೇಲಾದ ಲಾರಿಗಳಿಗೆ ಅಂತಾನೇ ಪಕ್ಕದಲ್ಲಿ ಜಲ್ಲಿ ತುಂಬಿದ ಏರು ರ‍್ಯಾಂಪ್ ಮಾಡಿಟ್ಟಿದಾರೆ, ಅದನ್ನ ನೋಡಿದ್ರೇನೇ ಕಾಲು ಬ್ರೇಕ್ ಮೇಲೆ ಹೋಗತ್ತೆ. ಹತ್ತಿದ ಗೇರಲ್ಲೇ ಇಳೀಬೇಕು ಅಂತ ನಮ್ಮೂರ ಘಾಟಿ ಬಸ್ ಡ್ರೈವರ್‌ಗಳು ಹೇಳೋದು ಇಲ್ಲೂ ಅಷ್ಟೇ ನಿಜ, ಟೋ-ಹಾಲ್ ಮೋಡ್ (ಭಾರ ಎಳೆಯೋವಾಗ ಹಾಕೋ ಸೆಟ್ಟಿಂಗ್) ಹಾಕಿದ್ರೆ ಗೇರ್‌ಬಾಕ್ಸೇ ಅದನ್ನ ಮಾಡತ್ತೆ, ಬ್ರೇಕ್ ಒಂದ್ಸಲ ಮುಟ್ಟಿದ್ರೆ ಸಾಕು ತಾನೇ ಗೇರ್ ಇಳಿಸ್ಕೊಂಡು ಎಂಜಿನ್ ಹಿಡಿತಕ್ಕೆ ತರತ್ತೆ.

ಆದ್ರೆ ಪೆಟ್ರೋಲ್ ಎಂಜಿನ್ ಹಿಡಿಯೋದು ಎಷ್ಟು ಅನ್ನೋದು ಅದರ ಸೈಜಿನ ಮೇಲೆ. ಥ್ರಾಟಲ್ ಮುಚ್ಚಿದಾಗ ಸಿಲಿಂಡರ್ ಗಾಳಿ ಎಳ್ಕೊಳ್ಳೋಕೆ ಒದ್ದಾಡತ್ತಲ್ಲ, ಬ್ರೇಕ್ ಆಗೋದು ಅದರಿಂದ, 5 ಲೀಟರ್‌ಗೆ ಸಿಗೋ ಹಿಡಿತ 3.5ಕ್ಕೆ ಸಿಗಲ್ಲ. ಇಕೋಬೂಸ್ಟ್ ಇಳಿಯೋವಾಗ 4,500 ಆರ್‌ಪಿಎಂವರೆಗೆ ಹೋಗಿ ಅರಚ್ತಾ ಇದ್ರೂ ಟ್ರೇಲರ್ ಹಿಂದಿನಿಂದ ತಳ್ತಾನೇ ಇತ್ತು, ಆಗಾಗ ಬ್ರೇಕ್ ಗಟ್ಟಿ ಒತ್ತಿ 10 ಮೈಲಿ ಇಳಿಸಿ ಪೂರ್ತಿ ಬಿಟ್ಟುಬಿಡೋದು, ಮತ್ತೆ ಒತ್ತೋದು, ಹಿಂಗೇ ಕೆಳಗಿನವರೆಗೆ. ಭಾವನ ವಿ8 ಇದಕ್ಕಿಂತ ವಾಸಿ, ಬ್ರೇಕ್ ಮುಟ್ಟಿದ್ದು ಅರ್ಧದಷ್ಟು ಇರಬಹುದು. ಹತ್ತೋವಾಗ ಸೋತಿದ್ದು ಇಳಿಯೋವಾಗ ಗೆಲ್ತು, ಭಾವಂಗೆ ಇದನ್ನ ಹೇಳಿಲ್ಲ, ಹೇಳಿದ್ರೆ ಹಬ್ಬದ ಊಟಕ್ಕೆ ಸೇರಿದಾಗೆಲ್ಲ ಅದೇ ಮಾತು.

ಮೂರನೇದು ನನ್ನ ಆಫೀಸಿನವರೊಬ್ಬರ ಜಿಎಂಸಿ ಸಿಯೆರಾ, 3.0 ಡ್ಯುರಾಮ್ಯಾಕ್ಸ್, ಸಾಲಾಗಿ ಆರು ಸಿಲಿಂಡರ್ ಇರೋ ಡೀಸೆಲ್. 305 ಹಾರ್ಸ್‌ಪವರ್ ಅಂದ್ರೆ ಯಾರೂ ಹುಬ್ಬೇರಿಸಲ್ಲ. ಟಾರ್ಕ್ 495, ಅದೂ 2,750 ಆರ್‌ಪಿಎಂಗೆ. ಈಗ ಮೇಲಿನ ಲೆಕ್ಕ ಮತ್ತೆ ನೋಡಿ: ಟನಲ್ ಹತ್ರ ವಿ8ಗೆ ಉಳಿದಿರೋದು 270, ಇದು ಟರ್ಬೋ ಡೀಸೆಲ್, ಎತ್ತರಕ್ಕೆ ಹೋಗೋದು ಸ್ವಲ್ಪ. ಊರಲ್ಲಿ 95 ಹಾರ್ಸ್‌ಪವರ್ ಹಿಂದೆ ಇದ್ದಿದ್ದು ಬೆಟ್ಟದ ಮೇಲೆ ಮುಂದೆ ಬಂತು! 55ರಿಂದ 58ರಲ್ಲಿ 3,500 ಆರ್‌ಪಿಎಂ ಒಳಗೆ, ಒಳಗಡೆ ಹಾಡು ಕೇಳೋಷ್ಟು ಸದ್ದಿಲ್ಲದೆ ಹತ್ತಿತು. ಇಕೋಬೂಸ್ಟ್‌ನಷ್ಟು ಚುರುಕಿಲ್ಲ, ಮೆರ್ಜ್ ಆಗೋವಾಗ ಸ್ವಲ್ಪ ಮುಂಚೆ ಪ್ಲಾನ್ ಮಾಡ್ಬೇಕು. ಇಳಿಯೋವಾಗ ಮಾತ್ರ ಬೇರೆ ಲೋಕ. ಇದ್ರಲ್ಲಿ ಎಕ್ಸಾಸ್ಟ್ ಬ್ರೇಕ್ ಇದೆ, ಟರ್ಬೋ ಒಳಗಿನ ಎಲೆಗಳನ್ನ ಮುಚ್ಚಿ ಹೊಗೆ ಹೊರಗೆ ಹೋಗೋದನ್ನ ತಡೀತದೆ, ಎಂಜಿನ್ ತನ್ನ ಉಸಿರಿಗೇ ತಾನೇ ಒದ್ದಾಡ್ಕೊಂಡು ಗಾಡೀನ ಹಿಡಿಯತ್ತೆ. 55ಕ್ಕೆ ಕ್ರೂಸ್ ಸೆಟ್ ಮಾಡಿ ಟೋ-ಹಾಲ್ ಹಾಕಿ ಕಾಲು ನೆಲದ ಮೇಲಿಟ್ಕೊಂಡು ಕೂತೆ, ಬ್ರೇಕ್ ಪೆಡಲ್ ನೆನಪಾಗಿದ್ದು ಒಂದೆರಡು ಸಲ. ನನ್ನ ಹೆಂಡತಿ ಇಳಿಯೋ ದಾರೀಲಿ ಮೇಲಿನ ಹ್ಯಾಂಡಲ್ ಹಿಡ್ಕೊಳ್ಳದೆ ಕೂತಿದ್ದು ಈ ಟ್ರಕ್ಕಲ್ಲೇ, ಅವಳ ಓಟು ಅಲ್ಲೇ ಬಿತ್ತು.

ಮೈಲೇಜ್ ಟ್ರೇಲರ್ ಸಮೇತ 12 ಹತ್ರ ಬಂತು. ಡೀಸೆಲ್ ರೇಟ್ ರೆಗ್ಯುಲರ್‌ಗಿಂತ ಜಾಸ್ತಿ, ಪ್ರೀಮಿಯಂ ಜೊತೆ ಹೋಲಿಸಿದ್ರೆ ಅಷ್ಟು ನೋವಾಗಲ್ಲ. ತಲೆನೋವು ಬೇರೆ ಕಡೆ ಇದೆ. ಡಿಇಎಫ್ ಅಂತ ಯೂರಿಯಾ ನೀರು ಬೇರೆ ಟ್ಯಾಂಕಿಗೆ ತುಂಬ್ತಾ ಇರ್ಬೇಕು. ದಿನಾ ಮಗುನ ಸ್ಕೂಲಿಗೆ ಬಿಟ್ಟು ಬರೋ ಎರಡು ಮೈಲಿ ಓಡಾಟಕ್ಕೆ ಮಾತ್ರ ಬಳಸಿದ್ರೆ ಸೈಲೆನ್ಸರ್ ಕಡೆ ಇರೋ ಮಸಿ ಫಿಲ್ಟರ್ ಬಿಸಿಯಾಗಿ ಮಸಿ ಸುಡೋಕೆ ಟೈಮೇ ಸಿಗಲ್ಲ, ಕಟ್ಕೊಳ್ಳತ್ತೆ. ಚಳಿಗಾಲದಲ್ಲಿ ಡೀಸೆಲ್ ಗಟ್ಟಿಯಾಗೋ ಭಯ ಇರತ್ತೆ, ಬೆಟ್ಟದ ಊರಿನ ಬಂಕುಗಳಲ್ಲಿ ಚಳಿಗಾಲದ ಡೀಸೆಲ್ ಸಿಗತ್ತೆ, ಬಿಸಿ ರಾಜ್ಯದಲ್ಲಿ ಟ್ಯಾಂಕ್ ಫುಲ್ ಮಾಡ್ಕೊಂಡು ಬಂದು ಇಲ್ಲಿ ರಾತ್ರಿ ಪಾರ್ಕ್ ಮಾಡೋರು ಹುಷಾರಾಗಿರ್ಬೇಕು. ಇನ್ನೊಂದು, ಈ ಎಂಜಿನ್‌ನ ಆಯಿಲ್ ಪಂಪ್ ಓಡೋದು ಬೆಲ್ಟ್ ಮೇಲೆ, ಬೆಲ್ಟ್ ಇರೋದು ಎಂಜಿನ್ ಹಿಂಭಾಗದಲ್ಲಿ, ಬದಲಾಯಿಸೋಕೆ ಗೇರ್‌ಬಾಕ್ಸ್ ಇಳಿಸ್ಬೇಕು. 150,000 ಮೈಲಿಗೆ ಒಂದ್ಸಲ ಅಂತ ಮೊದಲ ಮಾಡೆಲ್‌ಗೆ ಇತ್ತು. ಹಾಗಂತ ಇಕೋಬೂಸ್ಟ್ ಏನು ಸಾಧು ಅಲ್ಲ, 2017ರಿಂದ 20ರವರೆಗಿನ 3.5ಗಳಲ್ಲಿ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕ್ಯಾಮ್ ಫೇಸರ್ (ವಾಲ್ವ್ ತೆರೆಯೋ ಟೈಮ್ ಹೊಂದಿಸೋ ಪಾರ್ಟು) ಕಟಕಟ ಅನ್ನೋ ಸಮಸ್ಯೆ ಎಲ್ಲರಿಗೂ ಗೊತ್ತಿರೋದೇ.

ಹಂಗಾದ್ರೆ ದೊಡ್ಡ ಡೀಸೆಲ್ಲೇ ಯಾಕೆ ಬೇಡ? ರಾಮ್ 2500, 6.7 ಕಮಿನ್ಸ್, ಅದನ್ನೂ ಒಂದ್ಸಲ ಕಟ್ಟಿ ನೋಡಿದೆ. 850 ಪೌಂಡ್-ಫುಟ್ ಟಾರ್ಕ್. ಹಿಂದೆ ಟ್ರೇಲರ್ ಇದೆಯಾ ಬಿದ್ದೋಯ್ತಾ ಅಂತ ಕನ್ನಡಿ ನೋಡ್ಬೇಕು ಅಷ್ಟೇ. ಆದ್ರೆ ನಮ್ಮ ತೂಕಕ್ಕೆ ಅದು ಅತಿ, ಬೆಲೆ ಅತಿ, ಖಾಲಿ ಓಡ್ಸಿದ್ರೆ ಸೊಂಟ ಅಲ್ಲಾಡತ್ತೆ, ಕಾಸ್ಟ್‌ಕೋ ಪಾರ್ಕಿಂಗಲ್ಲಿ ನಿಲ್ಸೋದು ಇನ್ನೊಂದು ಸಾಹಸ. 10,000 ಪೌಂಡ್ ಮೇಲೆ ಟ್ರೇಲರ್ ಇದ್ರೆ ಈ ಮೇಲಿನದೆಲ್ಲ ಓದ್ದೆ ನೇರ ಅದನ್ನೇ ತಗೊಳ್ಳಿ.

ಇಷ್ಟೆಲ್ಲ ಎಂಜಿನ್ ಪುರಾಣ ಆದ್ಮೇಲೆ ನಿಜವಾಗ್ಲೂ ಕೈ ಕಟ್ಟಿಹಾಕೋದು ಎಂಜಿನ್ ಅಲ್ಲ, ಪೇಲೋಡ್. ಡ್ರೈವರ್ ಬಾಗಿಲು ತೆಗೆದ್ರೆ ಕಂಬದ ಮೇಲೆ ಹಳದಿ-ಬಿಳಿ ಸ್ಟಿಕರ್ ಇರತ್ತೆ, ಜನ ಮತ್ತೆ ಸಾಮಾನು ಸೇರಿ ಇಷ್ಟೇ ತೂಕ ಅಂತ. ನಾವು ನೋಡಿದ ಒಂದು ಟ್ರಕ್ಕಲ್ಲಿ 1,560 ಪೌಂಡ್ ಇತ್ತು. ಟ್ರೇಲರ್ ಮೂತಿ ಹಿಚ್ ಮೇಲೆ ಕೂರೋ ಭಾರ 850, ಆ ಭಾರಾನ ಎಲ್ಲಾ ಚಕ್ರಕ್ಕೂ ಹಂಚೋ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ 80, ನಾವು ನಾಲ್ಕು ಜನ 460. ಉಳಿದಿದ್ದು 170. ಸೌದೆ, ಐಸ್ ಬಾಕ್ಸ್, ಜನರೇಟರ್ ಇಟ್ರೆ ಮುಗೀತು. ಊರಿಂದ ಅಪ್ಪ ಅಮ್ಮ ಬಂದ್ರೆ? ಅವರು ಅಕ್ಕನ ಕಾರಲ್ಲಿ ಹಿಂದೆ ಬರ್ಬೇಕು, ಅಮ್ಮನ ಉಪ್ಪಿನಕಾಯಿ ಭರಣಿ ಸಮೇತ. 13,000 ಪೌಂಡ್ ಎಳೆಯತ್ತೆ ಅಂತ ಜಾಹೀರಾತಲ್ಲಿ ಬರೋದನ್ನ ನಂಬಿ ಕ್ಯಾಂಪರ್ ತಗೊಂಡವರು ಇಲ್ಲೇ ಸಿಕ್ಕಿಹಾಕ್ಕೊಳ್ಳೋದು. ಆ ಎಳೆಯೋ ನಂಬರಿನ ಟೆಸ್ಟ್ ಮಾಡೋದೂ ಅರಿಜೋನಾದ ಡೇವಿಸ್ ಡ್ಯಾಮ್ ಏರಲ್ಲಿ, ಅಲ್ಲಿ ಸುಡೋ ಬಿಸಿಲಿದೆ, ಉದ್ದದ ಏರಿದೆ, ರಾಕೀಸ್ ಎತ್ತರ ಇಲ್ಲ. ಫೋರ್ಡ್ ತನ್ನ ಟೋಯಿಂಗ್ ಗೈಡಲ್ಲೇ ಎತ್ತರದಲ್ಲಿ ಪ್ರತಿ 1,000 ಅಡಿಗೆ ಟ್ರಕ್ಕು ಟ್ರೇಲರ್ ಸೇರಿದ ಒಟ್ಟು ತೂಕ 2% ಇಳಿಸಿ ಅಂತ ಬರ್ದಿದೆ, ಅದನ್ನ ಯಾವ ಸೇಲ್ಸ್‌ಮನ್ನೂ ಓದಿ ಹೇಳಲ್ಲ.

ನಾವು ಕೊನೆಗೆ ತಗೊಂಡಿದ್ದು 3.0 ಡೀಸೆಲ್, ಮಧ್ಯದ ಟ್ರಿಮ್, ಸನ್‌ರೂಫ್ ಇಲ್ಲದ್ದು, ಯಾಕಂದ್ರೆ ಮೇಲಿನ ಟ್ರಿಮ್‌ಗೆ ಹೋದಷ್ಟೂ ಸೀಟು ಮೋಟರು ಗಾಜು ಎಲ್ಲದರ ತೂಕ ಪೇಲೋಡಿಂದಾನೇ ಕಳೀತಾರೆ. ಅದಾದ್ಮೇಲೆ ಮೊನಾರ್ಕ್ ಪಾಸ್ ಹತ್ತಿ (11,312 ಅಡಿ) ಗನ್ನಿಸನ್ ಕಡೆ ಬ್ಲ್ಯಾಕ್ ಕ್ಯಾನ್ಯನ್‌ಗೂ ಹೋಗ್ಬಂದ್ವಿ, ಎರಡೂ ಕಡೆ ಇಳಿಜಾರು ಇದೆ, ಎಕ್ಸಾಸ್ಟ್ ಬ್ರೇಕ್ ಇಲ್ದೆ ಆ ದಾರಿ ಯೋಚನೆ ಮಾಡೋಕೂ ಮನಸ್ಸಿಲ್ಲ ಈಗ. ನಿಮ್ಮ ಓಡಾಟ ಊರೊಳಗೇ ಜಾಸ್ತಿ, ಕ್ಯಾಂಪಿಂಗ್ ಬೇಸಿಗೇಲಿ ಅಪರೂಪಕ್ಕೆ ಅಂದ್ರೆ ಇಕೋಬೂಸ್ಟ್ ತಗೊಂಡು ಇಳಿಯೋದನ್ನ ತಾಳ್ಮೆಯಿಂದ ಕಲೀರಿ. ಟೆಕ್ಸಾಸ್ ಥರ ತಗ್ಗಿನ ಊರಲ್ಲಿದ್ರೆ ಭಾವ ಹೇಳಿದಂಗೆ ವಿ8 ತಗೊಂಡು ಸೌಂಡ್ ಕೇಳಿ. ಡೀಸೆಲ್ ಸೆಕೆಂಡ್ ಹ್ಯಾಂಡ್ ನೋಡ್ತಿದ್ರೆ 2023 ಅಥವಾ ಆಮೇಲಿನ ಸಿಯೆರಾ, ಇಲ್ಲ ಅದೇ ಎಂಜಿನ್ ಇರೋ ಷೆವಿ ಸಿಲ್ವರಾಡೋ ಹುಡುಕಿ, 277 ಇದ್ದ ಹಾರ್ಸ್‌ಪವರ್ 305 ಆಗಿದ್ದು ಅದರಲ್ಲೇ, ಬೆಲ್ಟ್ ಗಡುವೂ 200,000 ಮೈಲಿಗೆ ಏರಿದೆ.